ಪಾನಮತ್ತ ಗ್ರಾಹಕರಿಗೆ ಮದ್ಯ ಪೂರೈಕೆ: ಸನ್ನದುದಾರರ ಕಾನೂನು ಹೊಣೆ

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಅಪ್ರಾಪ್ತ ವಯಸ್ಕನೊಬ್ಬ ಚಲಾಯಿಸುತ್ತಿದ್ದನೆನ್ನಲಾದ ಕಾರು ಡಿಕ್ಕಿ ಹೊಡೆದು, ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಮೃತಪಟ್ಟರು. ಅಪ್ರಾಪ್ತನಿಗೆ ಮದ್ಯ ಪೂರೈಸಿದ ಆರೋಪದ ಮೇಲೆ ಬಾರ್‌ಗಳಿಗೆ ಸಂಬಂಧಿಸಿದವರನ್ನೂ ಪೊಲೀಸರು ಬಂಧಿಸಿದರು. ಹೊಣೆಯ ಪ್ರಶ್ನೆ ಚಾಲಕನಲ್ಲಿಯೇ ನಿಲ್ಲದೆ ಮದ್ಯ ಪೂರೈಸಿದವರನ್ನೂ ತಲುಪುತ್ತದೆಂಬುದನ್ನು ಈ ಪ್ರಕರಣ ತೋರಿಸಿತು. ಕರ್ನಾಟಕದಲ್ಲಿ ಸಿ.ಎಲ್.-7, ಸಿ.ಎಲ್.-9 ಮುಂತಾದ ಸನ್ನದು ಕೋರುವವರು ಇದನ್ನು ಅರ್ಜಿ ಸಲ್ಲಿಸುವ ಮುನ್ನವೇ ಅರಿತಿರುವುದು ಅವಶ್ಯ.

ಕಾನೂನಿನ ಸ್ಥಿತಿ

ಕರ್ನಾಟಕ ಅಬಕಾರಿ ಸನ್ನದು (ಸಾಮಾನ್ಯ ಷರತ್ತುಗಳು) ನಿಯಮಗಳು, 1967ರ ಪ್ರಕಾರ, ಪಾನಮತ್ತನೆಂದು ತಿಳಿದಿರುವ ಅಥವಾ ನಂಬಲಾದ ವ್ಯಕ್ತಿಗೆ ಮದ್ಯ ಮಾರುವಂತಿಲ್ಲ. ಷರತ್ತು ಉಲ್ಲಂಘನೆಯಾದಲ್ಲಿ ಕರ್ನಾಟಕ ಅಬಕಾರಿ ಅಧಿನಿಯಮ, 1965ರ 29ನೇ ಪ್ರಕರಣದನ್ವಯ ಸನ್ನದನ್ನು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು. ಮಗುವಿಗೆ, ಅಂದರೆ 18 ವರ್ಷ ತುಂಬದವರಿಗೆ, ಮದ್ಯ ನೀಡಿದಲ್ಲಿ ಬಾಲನ್ಯಾಯ ಅಧಿನಿಯಮ, 2015ರ 77ನೇ ಪ್ರಕರಣದಡಿ 7 ವರ್ಷಗಳವರೆಗೆ ಕಠಿಣ ಕಾರಾವಾಸ ಹಾಗೂ 1 ಲಕ್ಷ ರೂ.ವರೆಗೆ ಜುಲ್ಮಾನೆ ವಿಧಿಸಬಹುದು.

ಮದ್ಯ ವ್ಯಾಪಾರವು ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ 1994ರಲ್ಲಿ ತೀರ್ಪಿತ್ತಿದೆ. ಸನ್ನದು ಷರತ್ತುಬದ್ಧ ಅನುಮತಿ ಮಾತ್ರ.

ಜಾರಿಯಲ್ಲಿನ ತೊಡಕು

ಚಾಲಕನಿಗೆ ಕಾನೂನು ನಿಖರ ಮಿತಿಯನ್ನು ಹಾಕಿದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದಲ್ಲಿ ಅದು ಮೋಟಾರು ವಾಹನ ಅಧಿನಿಯಮದ 185ನೇ ಪ್ರಕರಣದಡಿ ಅಪರಾಧ. ಮೊದಲ ಬಾರಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ 10,000 ರೂ. ಜುಲ್ಮಾನೆ ಅಥವಾ ಎರಡೂ. ಮಾರಾಟಗಾರನ ವಿಷಯದಲ್ಲಿ ಇಂತಹ ಅಂಕಿಯಿಲ್ಲ. ಕಣ್ಣಿಗೆ ಕಾಣುವ ಲಕ್ಷಣಗಳೇ ಆಧಾರ. ಪರಿಣಾಮವಾಗಿ ರಸ್ತೆಯಲ್ಲಿ ಸಿಕ್ಕವನ ಮೇಲಿನ ಆರೋಪವನ್ನು ಉಸಿರಿನ ತಪಾಸಣೆ ಮತ್ತು ರಕ್ತಪರೀಕ್ಷೆ ಸಮರ್ಥಿಸುತ್ತವೆ. ಕೊನೆಯ ಲೋಟ ಕೊಟ್ಟವನ ಮೇಲಿನ ಆರೋಪವನ್ನು ಬಿಲ್ಲು, ಕ್ಯಾಮೆರಾ ದೃಶ್ಯ ಮತ್ತು ಸಾಕ್ಷಿಗಳಿಂದ ರುಜುವಾತುಪಡಿಸಬೇಕಾಗುತ್ತದೆ. ಸಾಕ್ಷ್ಯ ಕಷ್ಟವೆಂಬುದರಿಂದ ಹೊಣೆ ಕಡಿಮೆಯಾಗುವುದಿಲ್ಲ.

ಅರ್ಜಿದಾರರ ಗಮನಕ್ಕೆ

1. ತೊದಲು ಮಾತು, ತೂರಾಡುವ ನಡಿಗೆ ಮುಂತಾದ ಲಕ್ಷಣಗಳನ್ನು ಗುರುತಿಸಲು ಸಿಬ್ಬಂದಿಗೆ ತಿಳಿವಳಿಕೆ ನೀಡುವುದು.

2. ಪೂರೈಕೆ ನಿಲ್ಲಿಸುವ ಅಧಿಕಾರವನ್ನು ಮೇಜಿನ ಬಳಿಯಿರುವ ನೌಕರನಿಗೇ ಕೊಡುವುದು. ಮಾರಾಟದ ಗುರಿಯ ಒತ್ತಡದಲ್ಲಿ ಅವನು ಮೌನವಹಿಸಿದರೆ ಸನ್ನದಿಗೇ ಕುತ್ತು ಬರಬಹುದು.

3. ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ ಗುರುತಿನ ಪತ್ರ ಪರಿಶೀಲಿಸುವುದು.

4. ಪಾನಮತ್ತ ಗ್ರಾಹಕನು ವಾಹನ ಚಲಾಯಿಸದಂತೆ ಬಾಡಿಗೆ ವಾಹನದ ವ್ಯವಸ್ಥೆಗೆ ನೆರವಾಗುವುದು.

ಹಣ ನೀಡಲು ಸಿದ್ಧನಿರುವ ಮಾತ್ರಕ್ಕೆ ಪಾನಮತ್ತ ಗ್ರಾಹಕನಿಗೆ ಮತ್ತೆ ಮದ್ಯ ಪಡೆಯುವ ಹಕ್ಕು ಉಂಟಾಗುವುದಿಲ್ಲ. ನಿರಾಕರಿಸುವುದು ಸನ್ನದುದಾರರ ಕರ್ತವ್ಯವಾಗಿರುತ್ತದೆ.