ಹೆಬ್ಬೆಟ್ಟು ಒತ್ತಿದರೂ ಹಕ್ಕು ಉಳಿದಿದೆ

ನಾಗಪುರದಲ್ಲಿ ಬಹಳ ವರ್ಷ ವಿದ್ಯುತ್ ಕಾಮಗಾರಿಯ ಮೇಲ್ವಿಚಾರಣೆ ಮಾಡಿದವನು ನಾನು. ಒಮ್ಮೆ ಬೀದಿದೀಪ ಸರಿಪಡಿಸುತ್ತಿದ್ದಾಗ ಬಕೆಟ್ ಗಾಡಿ ವಾಲಿ, ಕಲಬುರಗಿ ಕಡೆಯ ಹುಡುಗನೊಬ್ಬ ಕೆಳಗೆ ಬಿದ್ದ. ಗಾಡಿಯ ಜಾಕ್‌ಗಳ ಕೆಳಗೆ ಹಲಗೆ ಇಟ್ಟಿರಲಿಲ್ಲ. ಮಳೆಗೆ ನೆನೆದ ಎರೆಮಣ್ಣು ಕುಸಿದಿತ್ತು. ಸೊಂಟ ಮುರಿದು ಮಲಗಿದ್ದವನ ಕೈಗೆ ಗುತ್ತಿಗೆದಾರ ಒಂದಿಷ್ಟು ನೋಟು ತುರುಕಿ, ‘ಇನ್ನೇನೂ ಕೇಳುವುದಿಲ್ಲ’ ಎಂಬ ಮರಾಠಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ.

ಅಂಥ ಕಾಗದಕ್ಕೆ ಬೆಲೆಯಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯೇ ಹೇಳಿತ್ತು. ಗುತ್ತಿಗೆ ಕೊಟ್ಟ ಮೂಲ ಮಾಲೀಕನನ್ನೂ ಅದು ಹೊಣೆ ಮಾಡಿತ್ತು. ತಿಂಗಳೊಳಗೆ ಹಣ ಕೊಡದಿದ್ದರೆ ಶೇ 12 ಬಡ್ಡಿ ವಿಧಿಸಿತ್ತು. ಎಡಗೈ ಕಳೆದುಕೊಂಡ ಬಡಗಿ ಇನ್ನು ಬಡಗಿ ಕೆಲಸ ಮಾಡಲಾರನೆಂದು 1975ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಪೂರ್ಣ ಅಂಗವೈಕಲ್ಯದ ಪರಿಹಾರವನ್ನೇ ಎತ್ತಿಹಿಡಿಯಿತು. ಕಂಬ ಹತ್ತಲಾಗದ ಲೈನ್‌ಮನ್‌ಗೂ ಅದೇ ನ್ಯಾಯ ಸಲ್ಲಬೇಕು. 2025ರ ನವೆಂಬರ್‌ನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಪರಿಹಾರದ ಹಕ್ಕು ಮುಂದುವರಿದಿದೆ.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರನ್ನು ಒದಗಿಸುತ್ತದೆ; ಸಹಾಯವಾಣಿ 15100. ಗಾಡಿಯ ನಂಬರ್, ಹಾಜರಿ ಪುಸ್ತಕದ ಫೋಟೊ, ಆಸ್ಪತ್ರೆ ಚೀಟಿ, ಪೊಲೀಸ್ ದೂರಿನ ಪ್ರತಿ: ಇಷ್ಟನ್ನು ಜೋಪಾನ ಮಾಡಿ.

ಟೆಂಡರ್ ಕರೆಯುವ ಸಂಸ್ಥೆಗಳಿಗೆ ನನ್ನ ಒತ್ತಾಯ: ಪ್ರತಿ ಬಕೆಟ್ ಗಾಡಿಯ ಬಾಗಿಲ ಮೇಲೆ ಮೂಲ ಮಾಲೀಕನ ಹೆಸರು ಮತ್ತು ಆ ಸಹಾಯವಾಣಿ ಸಂಖ್ಯೆಯನ್ನು ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಬರೆಸಿ. ಬರೆಸದ ಗುತ್ತಿಗೆದಾರನ ಬಿಲ್ ತಡೆಹಿಡಿಯಿರಿ.