ಇಂಟರ್ನೆಟ್ಟಿಗೆ ಲೈಸೆನ್ಸ್: ಹೊರೆ ಯಾರ ಮೇಲೆ?



ಸಿಬಿಐ, ಕೋರ್ಟು ಎಂದು ಕರೆಯಲ್ಲಿ ಹೆದರಿಸಿ ಹಣ ದೋಚುವ ‘ಡಿಜಿಟಲ್ ಅರೆಸ್ಟ್’ ವಂಚನೆಯ ಸುದ್ದಿ ಬಂದಾಗಲೆಲ್ಲ ಒಂದು ಸಲಹೆಯೂ ಬೆನ್ನಿಗೇ ಬರುತ್ತದೆ: ಗಾಡಿ ಓಡಿಸಲು ಲೈಸೆನ್ಸ್ ಬೇಕಾದಂತೆ ಇಂಟರ್ನೆಟ್ ಬಳಸಲೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಲಿ ಎಂದು. ಮಾತು ಹೊಸದಲ್ಲ, 2010ರಲ್ಲೇ ಮೈಕ್ರೋಸಾಫ್ಟ್‌ನ ಕ್ರೇಗ್ ಮಂಡಿ ದಾವೋಸ್‌ನಲ್ಲಿ ಇದನ್ನು ಆಡಿದ್ದರು. ಈ ಸಲಹೆಯನ್ನು ನಾನು ಒಪ್ಪಲಾರೆ. ಮೋಸ ಹೋದವರನ್ನೇ ಇದು ಕಟಕಟೆಗೆ ತಂದು ನಿಲ್ಲಿಸುತ್ತದೆ.

ಬಳಸುವವರ ಅಜ್ಞಾನವೇ ಎಲ್ಲಕ್ಕೂ ಮೂಲ ಎಂಬ ನಂಬಿಕೆ ಇದರ ಹಿಂದಿದೆ. ಆದರೆ 2024ರಲ್ಲಿ ವಿಡಿಯೊ ಕರೆಯಲ್ಲಿ ಸುಪ್ರೀಂ ಕೋರ್ಟಿನ ನಕಲಿ ಕಲಾಪ ತೋರಿಸಿ ವಂಚಕರು 7 ಕೋಟಿ ರೂಪಾಯಿ ದೋಚಿದ್ದು ಪಂಜಾಬಿನ ದೊಡ್ಡ ಜವಳಿ ಉದ್ಯಮದ ಮುಖ್ಯಸ್ಥರಿಂದ. ಅಂಥವರು ಯಾವ ಪರೀಕ್ಷೆಯಲ್ಲಿ ತಾನೇ ಫೇಲಾಗುತ್ತಿದ್ದರು? ಸಿಬಿಐ, ಕೋರ್ಟು, ಜೈಲು ಎಂದು ಹೆದರಿಸಿ, ಫೋನ್ ಇಡಲೂ ಬಿಡದೆ ತಾಸುಗಟ್ಟಲೆ ಕೂರಿಸಿದರೆ ಎಷ್ಟೇ ಓದಿದವರ ಎದೆಯೂ ಕುಸಿಯುತ್ತದೆ. ಕಳೆದುಕೊಂಡ ಹಣ ಹೋಗಿ ಸೇರುವುದೋ, ಕಮಿಷನ್ ಆಸೆಗೆ ಯಾರೋ ಬಿಟ್ಟುಕೊಟ್ಟ ಬ್ಯಾಂಕ್ ಖಾತೆಗಳಿಗೆ. ಅಂಥ ಖಾತೆಗೂ ಕೆವೈಸಿ ಆಗಿರುತ್ತದೆ. ಇಷ್ಟೆಲ್ಲ ಗುರುತಿನ ದಾಖಲೆ ಕೇಳಿಯೂ ನಿಲ್ಲದ ವಂಚನೆ ಮತ್ತೊಂದು ಕಾರ್ಡಿಗೆ ಅಂಜೀತೆ? ಲೈಸೆನ್ಸಿಗೆಂದು ಜನರ ವಿವರ ಒಂದೆಡೆ ಗುಡ್ಡೆ ಹಾಕುವುದೂ ಅಪಾಯವೇ. ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಗುರುತು ದೃಢಪಡಿಸಬೇಕೆಂದು ದಕ್ಷಿಣ ಕೊರಿಯಾ 2007ರಲ್ಲಿ ಕಡ್ಡಾಯ ಮಾಡಿತು. 2011ರಲ್ಲಿ ಅಲ್ಲಿನ ಒಂದೇ ಕಂಪನಿಯ ತಾಣಗಳಿಂದ ಸುಮಾರು 3.5 ಕೋಟಿ ಜನರ ಮಾಹಿತಿ ಕಳುವಾಯಿತು. ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ಸರ್ವಾನುಮತದಿಂದ ರದ್ದುಪಡಿಸಿತು.

ಒಬ್ಬರ ಅಜಾಗ್ರತೆ ಊರಿಗೆಲ್ಲ ಕೇಡು ತರುತ್ತದಲ್ಲ, ರಸ್ತೆಯ ಹಾಗೆ ಇಲ್ಲೂ ಕಟ್ಟುಪಾಡು ಬೇಡವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ. 2016ರ ‘ಮಿರಾಯ್’ ದಾಳಿಯಲ್ಲಿ ಲಕ್ಷಾಂತರ ಸಾಧನಗಳು ಮಾಲೀಕರಿಗೆ ತಿಳಿಯದೆಯೇ ದಾಳಿಕೋರರ ಕೈಗೊಂಬೆಯಾಗಿ, ಹೆಸರಾಂತ ಜಾಲತಾಣಗಳನ್ನೇ ಗಂಟೆಗಟ್ಟಲೆ ಸ್ಥಗಿತಗೊಳಿಸಿದ್ದು ನಿಜ. ಆದರೆ ಅವುಗಳಲ್ಲಿ ಬಹುಪಾಲು ಕ್ಯಾಮೆರಾ, ರೌಟರ್‌ಗಳಂಥವು. ಎಲ್ಲರಿಗೂ ಗೊತ್ತಿರುವ ಸಿದ್ಧ ಪಾಸ್‌ವರ್ಡ್ ಹಾಕಿ ಕಾರ್ಖಾನೆಯಿಂದ ಹೊರಬಿಟ್ಟವು. ಬ್ರೇಕ್ ಇಲ್ಲದ ಗಾಡಿ ಮಾರಿದವರನ್ನು ಬಿಟ್ಟು ಕೊಂಡವರಿಗೆ ಚಾಲನಾ ಪರೀಕ್ಷೆ ಒಡ್ಡುವುದು ಯಾವ ನ್ಯಾಯ? ಬ್ರಿಟನ್ 2024ರ ಏಪ್ರಿಲ್‌ನಿಂದ ಇಂಥ ಪಾಸ್‌ವರ್ಡ್‌ಗಳನ್ನು ನಿಷೇಧಿಸಿ ಹೊಣೆಯನ್ನು ತಯಾರಕರ ಹೆಗಲಿಗೇ ಹಾಕಿದೆ.

ಗಾಡಿ ಓಡಿಸಲು ಬಾರದವರು ಬಸ್ಸು ಹತ್ತಿಯಾರು. ಇಂಟರ್ನೆಟ್ ತಪ್ಪಿದರೆ ಅಂಥ ಬದಲಿ ದಾರಿ ದಿನೇ ದಿನೇ ಕಿರಿದಾಗುತ್ತಿದೆ. ಪಹಣಿ, ಇ-ಖಾತಾ, ವಿದ್ಯಾರ್ಥಿವೇತನದ ಅರ್ಜಿ, ತರಕಾರಿ ಅಂಗಡಿಯ ಯುಪಿಐ, ಎಲ್ಲವೂ ಅದರ ಮೇಲೆ ನಿಂತಿವೆ. ಲೈಸೆನ್ಸ್ ಬಂದರೆ ಮೊದಲು ಹೊರಗುಳಿಯುವವರು ಹಿರಿಯರು, ಓದು ಬಾರದವರು, ಅಂಗವಿಕಲರು. ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ತಿಳಿವಳಿಕೆ ಖಂಡಿತ ಬೇಕು. ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಅದನ್ನು ಕಲಿಸೋಣ. ಅದನ್ನು ಪ್ರವೇಶದ ಷರತ್ತಾಗಿಸುವುದು ಬೇಡ. ಸರ್ಕಾರಕ್ಕೆ ನಿಯಮ ಮಾಡುವ ಮನಸ್ಸಿದ್ದರೆ ಬ್ಯಾಂಕುಗಳಿಂದ ಶುರುವಾಗಲಿ. ವಂಚಕರ ಮಾತು ನಂಬಿ ಗ್ರಾಹಕರೇ ಕಳಿಸಿದ ಹಣವನ್ನೂ ಬ್ರಿಟನ್ನಿನ ಬ್ಯಾಂಕುಗಳು 2024ರ ಅಕ್ಟೋಬರ್‌ನಿಂದ 85,000 ಪೌಂಡ್‌ವರೆಗೆ ತುಂಬಿಕೊಡಬೇಕಾಗಿದೆ. ಆ ನಷ್ಟವನ್ನು ಹಣ ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರುತ್ತವೆ. ನಮ್ಮಲ್ಲೂ ಅಂಥ ನಿಯಮ ಬರಲಿ, ಹೊಸ ಖಾತೆಗೆ ಏಕಾಏಕಿ ಹೋಗುವ ದೊಡ್ಡ ಮೊತ್ತವನ್ನು ಒಂದು ದಿನವಾದರೂ ತಡೆಹಿಡಿಯಲಿ ಎಂದು ರಿಸರ್ವ್ ಬ್ಯಾಂಕನ್ನು ಒತ್ತಾಯಿಸುತ್ತೇನೆ.

– ಓದುಗ, ಹಾಸನ