ಉಜ್ಜಿದರೆ ಹೊಳಪೇ?

ನಮ್ಮ ಮನೆಯ ಕಾರು ಹಳೆಯದಾದರೂ ಹೊಸದರಂತಿತ್ತು. ಇನ್ನಷ್ಟು ಹೊಳೆಯಲೆಂದು ನಾನು ತಿಂಗಳಿಗೊಮ್ಮೆ ಪಾಲಿಶ್ ಹಾಕಿ ಉಜ್ಜುತ್ತಿದ್ದೆ. ಈದ್ ಬಂದರಂತೂ ಕೇಳುವುದೇ ಬೇಡ. ಕೆಲವು ವರ್ಷಗಳಲ್ಲಿ ಬಾನೆಟ್ಟಿನ ಅಂಚು ಮಂಕಾಯಿತು. ತಪ್ಪು ನನ್ನದೇ.

ಸಹೋದರಿಯರೇ, ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್‌ನಲ್ಲಿ ನುಣ್ಣನೆಯ ಪುಡಿಯಿರುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಸವೆಸಿಯೇ ಅದು ಗೀರುಗಳನ್ನು ಅಳಿಸುತ್ತದೆ. ತಲೆಗೂದಲಿಗಿಂತಲೂ ತೆಳುವಾದ ಆ ಪದರ, ನಾನ್‌ಸ್ಟಿಕ್ ತವಾದ ಲೇಪದಂತೆ, ಹೋದರೆ ಹೋಯಿತು. ವ್ಯಾಕ್ಸ್ ಹಾಗಲ್ಲ, ಅದು ಮೇಲೊಂದು ಹೊದಿಕೆ. ಗೀರಿಲ್ಲದ ಕಾರಿಗೆ ಅಷ್ಟೇ ಸಾಕು. ಆದರೆ ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದೂ ಉಜ್ಜಿ ಸವೆಸುವಂಥದ್ದಿರಬಹುದು, ಓದಿ ಕೊಳ್ಳಿ.

ಬ್ರೆಜಿಲ್‌ನ ತಾಳೆ ಜಾತಿಯೊಂದರ ಎಲೆಯಿಂದ ಸಿಗುವ ಕಾರ್ನೌಬಾ ಮೇಣದ ಮೆರುಗು ಚೆಂದ, ಬಾಳಿಕೆ ಕಡಿಮೆ. ಬಿಸಿಲು ಮಳೆಯಲ್ಲಿ ನಿಲ್ಲುವ ಕಾರಿಗೆ ಹೆಚ್ಚು ಕಾಲ ಉಳಿಯುವ ಸಿಂಥೆಟಿಕ್ ಸೀಲೆಂಟ್ ಮೇಲು.

ಕಾರು ತೊಳೆದು ಒಣಗಿಸಿ, ನೆರಳಲ್ಲಿ ತೆಳ್ಳಗೆ ಹಚ್ಚಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಮೇಣವನ್ನು ಕಳೆಯುತ್ತದೆ. ನೀರು ಮಣಿಮಣಿಯಾಗಿ ಉರುಳುವವರೆಗೆ ಮತ್ತೆ ಹಚ್ಚುವುದೂ ಬೇಡ. ಇದ್ದುದನ್ನು ಉಳಿಸಿಕೊಳ್ಳುವುದೂ ಒಂದು ಅಂದವೇ.